ಗಾಳಿ ಹಿಡಿದವರು

ದಾವಣಗೆರೆಯವರಿಗೆ ಗಾಳಿಯ ಪರಿಚಯವನ್ನು ಯಾರೂ ಮಾಡಿಕೊಡಬೇಕಾಗಿಲ್ಲ. ಆಷಾಢ ಬಂದಿತೆಂದರೆ ಅದು ತಾನಾಗಿಯೇ ಬಂದು ಪರಿಚಯ ಹೇಳಿಕೊಳ್ಳುತ್ತದೆ. ಅದೂ ಬಾಗಿಲನ್ನು ತಟ್ಟಿ ಅಲ್ಲ, ಗೋಡೆಗೆ ಅಪ್ಪಳಿಸಿ. ಮಳೆಯನ್ನೆಲ್ಲ ಮಲೆನಾಡಿಗೆ ದಾನಮಾಡಿ ಮುಗಿಸಿದ ಮುಂಗಾರಿನ ಮಾರುತ ನಮ್ಮ ಬಯಲುಸೀಮೆಯ ಪಾಲಿಗೆ ಬರಿಗೈಯಲ್ಲಿ ಬರುತ್ತದೆ. ಮಹಡಿಯ ಮೇಲೆ ಒಣಹಾಕಿದ ಪಂಚೆ ಪಕ್ಕದ ಮನೆಯ ತೆಂಗಿನ ಮರದಲ್ಲಿ ಧ್ವಜವಾಗುತ್ತದೆ. ಮಂಡಕ್ಕಿ ಮಾರುವವನು ತನ್ನ ಸರಕನ್ನು ಗಿರಾಕಿಗೆ ತೂಗಿಕೊಡುವ ಮೊದಲೇ ಅರ್ಧದಷ್ಟನ್ನು ವಾಯುದೇವನಿಗೆ ನೈವೇದ್ಯ ಮಾಡಬೇಕಾಗುತ್ತದೆ. ಕೊಡೆ ಹಿಡಿದು ಹೊರಟ ಉಪನ್ಯಾಸಕರು ಕೊಡೆಯ ಹಿಂದೆ ಓಡುವ ದೃಶ್ಯವನ್ನು ವಿದ್ಯಾರ್ಥಿಗಳು ವರ್ಷಕ್ಕೊಮ್ಮೆಯಾದರೂ ಕಣ್ತುಂಬ ನೋಡುತ್ತಾರೆ.

ನಮ್ಮ ಭಾಷೆಗೂ ಗಾಳಿಯ ಮೇಲೆ ಅಂಥ ಗೌರವವೇನೂ ಇದ್ದಂತೆ ತೋರುವುದಿಲ್ಲ. ನಂಬಲಾಗದ ಮಾತು ಗಾಳಿಮಾತು. ನೆಲೆಯಿಲ್ಲದ ಆಸೆ ಗಾಳಿಗೋಪುರ. ಮಾನ ಮರ್ಯಾದೆಗಳನ್ನು ಬಿಟ್ಟವನು ಅವನ್ನು ಗಾಳಿಗೆ ತೂರಿದವನು. ಒಬ್ಬನ ಬುದ್ಧಿ ನೆಟ್ಟಗಿಲ್ಲವೆಂದು ಕಂಡರೆ 'ಅವನಿಗೆ ಗಾಳಿ ಹಿಡಿದಿದೆ' ಎಂದು ಹಿರಿಯರು ಬೇವಿನ ಸೊಪ್ಪು ತರಿಸುತ್ತಾರೆ. ಗಾಳಿಯನ್ನು ಒಳ್ಳೆಯ ಮಾತಿನಲ್ಲಿ ನೆನೆದವನು ರೈತನೊಬ್ಬನೇ: 'ಗಾಳಿ ಬಂದಾಗ ತೂರಿಕೋ' ಎಂದ. ಕಣದಲ್ಲಿ ಮೊರವೆತ್ತಿ ನಿಂತ ಅವನಿಗೆ, ಗಾಳಿ ಶತ್ರುವೂ ಅಲ್ಲ ಮಿತ್ರನೂ ಅಲ್ಲ, ಕೂಲಿ ಕೇಳದ ಆಳು ಎಂಬುದು ತಿಳಿದಿತ್ತು.

ಈ ಕೂಲಿ ಕೇಳದ ಆಳನ್ನು ನೀರಿನ ಮೇಲೆ ದುಡಿಸಿಕೊಳ್ಳುವ ಒಂದು ಆಟವಿದೆ. ಅದರ ಹೆಸರು ವಿಂಡ್‌ಸರ್ಫಿಂಗ್. ಒಂದು ಹಲಗೆ, ಅದರ ಮೇಲೊಂದು ಹಾಯಿ, ಆ ಹಾಯಿಯನ್ನು ಹಿಡಿದು ನಿಂತ ಒಬ್ಬ ಮನುಷ್ಯ. ಇಷ್ಟೇ ಅದರ ಪರಿಕರ. ಕನ್ನಡದಲ್ಲಿ 'ಹಾಯಿಹಲಗೆ' ಎಂದು ಕರೆಯೋಣವೆಂದು ನನ್ನ ಸೂಚನೆ. ತಮಿಳಿನಲ್ಲಿ 'ಪಾಯ್' ಎಂದರೆ ಚಾಪೆಯೂ ಹೌದು, ಹಾಯಿಯೂ ಹೌದು. ಆ ಪಾಯ್ ನಮ್ಮಲ್ಲಿ ಹಾಯಿಯಾಯಿತು. ನೀರನ್ನು ದಾಟುವುದಕ್ಕೂ ನಾವು ಹಾಯುವುದು ಎನ್ನುತ್ತೇವೆ. ಇವೆರಡರ ಬೇರು ಒಂದೇ ಹೌದೋ ಅಲ್ಲವೋ ಎಂಬುದನ್ನು ಭಾಷಾಶಾಸ್ತ್ರಜ್ಞರು ನೋಡಿಕೊಳ್ಳಲಿ. ಕಿವಿಗಂತೂ ಎರಡೂ ಒಂದೇ ಮನೆಯ ಮಕ್ಕಳಂತೆ ಕೇಳುತ್ತವೆ.

ಈ ಆಟ ನಮ್ಮ ಮನೆಯೊಳಕ್ಕೆ ಬಂದದ್ದು 2023ರ ಸೆಪ್ಟೆಂಬರ್ ತಿಂಗಳಲ್ಲಿ. ಚೀನದ ಹಾಂಗ್‌ಝೌ ನಗರದ ಹೆಸರಿನಲ್ಲಿ ಏಷ್ಯನ್ ಕ್ರೀಡಾಕೂಟ ನಡೆಯುತ್ತಿದ್ದ ಕಾಲ. 2022ರಲ್ಲಿ ನಡೆಯಬೇಕಾಗಿದ್ದ ಕೂಟವನ್ನು ಕೊರೋನಾ ಒಂದು ವರ್ಷ ಮುಂದಕ್ಕೆ ತಳ್ಳಿತ್ತು. ಹಾಯಿಯ ಸ್ಪರ್ಧೆಗಳಿಗೆ ಕಡಲು ಬೇಕಾದುದರಿಂದ ಅವುಗಳನ್ನು ನಿಂಗ್ಬೋ ಸೀಮೆಯ ಶಿಯಾಂಗ್‌ಶಾನ್ ಎಂಬಲ್ಲಿ ಏರ್ಪಡಿಸಿದ್ದರು. ಪುರುಷರ ಹಾಯಿಹಲಗೆಯ ಪಂದ್ಯದಲ್ಲಿ ನಮ್ಮ ದೇಶದ ಎಬಾದ್ ಅಲಿ ಕಂಚಿನ ಪದಕ ಗೆದ್ದ ಸುದ್ದಿ ಬಂದಿತು. ಕ್ರಿಕೆಟ್ಟಿನ ಸುದ್ದಿಗೂ ಹವಾಮಾನದ ಸುದ್ದಿಗೂ ನಡುವೆ ಅರೆ ನಿಮಿಷ ಅದನ್ನು ತೋರಿಸಿರಬಹುದು. ಅಷ್ಟು ಸಾಕಾಯಿತು. ಹತ್ತು ವರ್ಷದ ನನ್ನ ಮಗ ನನ್ನ ಮೊಬೈಲನ್ನು ವಶಪಡಿಸಿಕೊಂಡು, ಲೋಕದ ಯಾವ ಯಾವ ಕಡಲುಗಳಲ್ಲೋ ನಡೆದ ಇಂಥ ಪಂದ್ಯಗಳ ಚಿತ್ರಗಳನ್ನು ಹುಡುಕಿ ತೆಗೆದ. ಹರಿಹರದಿಂದ ಬಂದಿದ್ದ ನಮ್ಮ ಅವ್ವನೂ ಕನ್ನಡಕ ಏರಿಸಿಕೊಂಡು ಅವನ ಪಕ್ಕದಲ್ಲಿ ಕುಳಿತಳು.

"ಅದೇನಪ್ಪಾ, ಈ ಹುಡುಗ್ರಿಗೆ ಗಾಳಿ ಹಿಡಿದೈತೇನು? ನೀರಿನ ಮ್ಯಾಲೆ ನಿಂತ್ಕಂಡು ಜಗ್ಗಾಡ್ತಾರಲ್ಲ!"

"ಅಜ್ಜಿ, ಅವರಿಗೆ ಗಾಳಿ ಹಿಡಿದಿಲ್ಲ. ಅವರೇ ಗಾಳೀನ ಹಿಡಿದಾರೆ," ಎಂದ ಮೊಮ್ಮಗ.

ಎಂ.ಎ. ಪದವಿಯನ್ನು ಗೋಡೆಗೆ ತೂಗುಹಾಕಿಕೊಂಡಿರುವ ನಾನು, ಆ ಆಟಕ್ಕೆ ಇದಕ್ಕಿಂತ ಉತ್ತಮವಾದ ವ್ಯಾಖ್ಯಾನವನ್ನು ಬರೆಯಲಾರೆ.

ಹಾಯಿದೋಣಿಯಲ್ಲಿ ಕಂಬವು ದೋಣಿಗೆ ಬಿಗಿಯಾಗಿ ನೆಟ್ಟಿರುತ್ತದೆ. ದಿಕ್ಕು ಬದಲಿಸಲು ಚುಕ್ಕಾಣಿ ಇರುತ್ತದೆ. ಹಾಯಿಹಲಗೆಯಲ್ಲಿ ಚುಕ್ಕಾಣಿಯೇ ಇಲ್ಲ. ಕಂಬವನ್ನು ಹಲಗೆಗೆ ಎಲ್ಲ ಕಡೆಗೂ ಬಾಗುವ, ಎಲ್ಲ ಕಡೆಗೂ ತಿರುಗುವ ಒಂದು ಕೀಲಿನಿಂದ ಜೋಡಿಸಿರುತ್ತಾರೆ. ಕೈಬಿಟ್ಟರೆ ಹಾಯಿ ನೀರಿಗೆ ಬೀಳುತ್ತದೆ. ಅದನ್ನು ಎತ್ತಿ ನಿಲ್ಲಿಸಿರುವುದು ಆಟಗಾರನ ತೋಳು, ಸೊಂಟ, ಹಿಮ್ಮಡಿಗಳೇ. ಹಾಯಿಯ ಎರಡು ಪಕ್ಕಗಳಲ್ಲಿ ಬಿಲ್ಲಿನಂತೆ ಬಾಗಿದ ಹಿಡಿಗೋಲು ಇರುತ್ತದೆ. ಅದನ್ನು ಹಿಡಿದು ಹಾಯಿಯನ್ನು ಮುಂದಕ್ಕೆ ಬಾಗಿಸಿದರೆ ಹಲಗೆಯ ಮೂತಿ ಗಾಳಿಯಿಂದ ಆಚೆಗೆ ತಿರುಗುತ್ತದೆ, ಹಿಂದಕ್ಕೆ ಒಲಿಸಿದರೆ ಗಾಳಿಯ ಕಡೆಗೆ ತಿರುಗುತ್ತದೆ. ಎಂದರೆ ಇಲ್ಲಿ ಚುಕ್ಕಾಣಿಯೂ ಮನುಷ್ಯನೇ, ಕಂಬಕ್ಕೆ ಆಸರೆಯಾದ ಹಗ್ಗವೂ ಮನುಷ್ಯನೇ. ಹಾಂಗ್‌ಝೌ ಕೂಟದಲ್ಲಿ ಎಬಾದ್ ಅಲಿ ಸ್ಪರ್ಧಿಸಿದ 'ಆರ್‌ಎಸ್‌:ಎಕ್ಸ್' ಎಂಬ ಬಗೆಯ ಹಲಗೆಯ ಉದ್ದ 286 ಸೆಂಟಿಮೀಟರು. ಪುರುಷರ ಹಾಯಿಯ ವಿಸ್ತಾರ 9.5 ಚದರ ಮೀಟರು. ಹತ್ತಡಿ ಉದ್ದ ಹತ್ತಡಿ ಅಗಲದ ಕೋಣೆಯ ನೆಲವನ್ನು ಎತ್ತಿ ನಿಲ್ಲಿಸಿ, ಅದನ್ನು ಬಿರುಗಾಳಿಯಲ್ಲಿ ಹಿಡಿದುಕೊಂಡು ನಿಲ್ಲಿ ಎಂದು ಹೇಳಿದ ಹಾಗಾಯಿತು. ಗಾಳಿ ಸೊರಗಿದಾಗ ಕಷ್ಟ ಇನ್ನೂ ಹೆಚ್ಚು. ಆಗ ಆಟಗಾರನು ಹಾಯಿಯನ್ನು ಬೀಸಣಿಗೆಯಂತೆ ಬಡಿದು ಬಡಿದು ತಾನೇ ಗಾಳಿಯನ್ನು ಹುಟ್ಟಿಸಿಕೊಳ್ಳಬೇಕು.

ಎಲ್ಲ ಕಡೆಗೂ ತಿರುಗುವ ಕೀಲೆಂದರೆ ಏನೆಂದು ಹರಿಹರದವರಿಗೆ ವಿವರಿಸಬೇಕಾಗಿಲ್ಲ. 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಅಲ್ಲಿ ಲೇಥುಗಳನ್ನು ಮಾಡುತ್ತಿತ್ತು. ಅದು ಮುಚ್ಚಿ ಇಪ್ಪತ್ತು ವರ್ಷಗಳ ಮೇಲಾದರೂ, ಕಬ್ಬಿಣದ ಕೀಲು ಗುಣಿಗಳ ಮಾತನ್ನು ಜಗಲಿಯ ಮೇಲೆ ಆಡಬಲ್ಲ ಹಿರಿಯರು ಊರಿನಲ್ಲಿ ಈಗಲೂ ಇದ್ದಾರೆ. ಈ ಕೀಲು ಯಾರದೆಂಬ ಬಗ್ಗೆ ದೊಡ್ಡ ವ್ಯಾಜ್ಯವೇ ನಡೆಯಿತು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ವಿಮಾನಶಾಸ್ತ್ರದ ಇಂಜಿನಿಯರ್ ಜಿಮ್ ಡ್ರೇಕ್ ಮತ್ತು ಆತನ ಗೆಳೆಯ ಹೋಯ್ಲ್ ಶ್ವೈಟ್ಜರ್ 1968ರಲ್ಲಿ ಇದರ ಹಕ್ಕಿಗೆ ಅರ್ಜಿ ಹಾಕಿದರು. ಅದಕ್ಕೆ ಮೊದಲೇ, 1964ರ ಸುಮಾರಿಗೆ, ಪೆನ್ಸಿಲ್ವೇನಿಯದ ನ್ಯೂಮನ್ ಡಾರ್ಬಿ ಎಂಬಾತ ಇಂಥದೊಂದನ್ನು ಮಾಡಿದ್ದ. ಕೊನೆಗೆ ಇಂಗ್ಲೆಂಡಿನ ನ್ಯಾಯಾಲಯದ ಮುಂದೆ 1980ರ ದಶಕದಲ್ಲಿ ಮೊಕದ್ದಮೆ ಬಂದಾಗ, 1958ರಲ್ಲಿ ಹೇಲಿಂಗ್ ದ್ವೀಪದ ಹಿನ್ನೀರಿನಲ್ಲಿ ಪೀಟರ್ ಚಿಲ್ವರ್ಸ್ ಎಂಬ 12 ವರ್ಷದ ಹುಡುಗ ಹಲಗೆಗೆ ಹಾಯಿ ಕಟ್ಟಿಕೊಂಡು ಆಡುತ್ತಿದ್ದನೆಂಬುದು ಸಾಬೀತಾಯಿತು. ಆ ದೇಶದ ಮಟ್ಟಿಗೆ ದೊಡ್ಡವರ ಹಕ್ಕುಪತ್ರ ಬಿದ್ದುಹೋಯಿತು. ರಜೆಯ ದಿನ ನೀರಿಗಿಳಿದ ಹುಡುಗನ ಆಟವನ್ನು ನ್ಯಾಯಾಧೀಶರು ಮನ್ನಿಸಿದ ಈ ಪ್ರಸಂಗ ನನಗೆ ಬಹಳ ಹಿಡಿಸಿತು. ನಮ್ಮಲ್ಲಾಗಿದ್ದರೆ ಆ ಹುಡುಗನ ಕಿವಿ ಹಿಂಡಿ ಮನೆಗೆ ಕರೆದೊಯ್ದಿರುತ್ತಿದ್ದರು. ಇತಿಹಾಸಕ್ಕೆ ಸಾಕ್ಷಿಯೇ ಉಳಿಯುತ್ತಿರಲಿಲ್ಲ.

ಗಾಳಿ ಬೀಸಿದ ಕಡೆಗೆ ಹೋಗುವುದು ತರಗೆಲೆಗೂ ಬರುವ ವಿದ್ಯೆ. ಗಾಳಿ ಬರುತ್ತಿರುವ ಕಡೆಗೆ ಹೋಗುವುದು ಹೇಗೆ? ಅದೇ ಹಾಯಿಯ ವಿದ್ಯೆಯ ತಿರುಳು. ನೆಟ್ಟಗೆ ಗಾಳಿಗೆ ಎದೆಯೊಡ್ಡಿ ಹೋಗಲು ಯಾವ ಹಾಯಿಗೂ ಸಾಧ್ಯವಿಲ್ಲ. ಆದರೆ ಸುಮಾರು 45 ಡಿಗ್ರಿಯಷ್ಟು ಓರೆಯಾಗಿ ನಿಂತರೆ ಹಾಯಿಯು ಹಕ್ಕಿಯ ರೆಕ್ಕೆಯಂತೆ, ವಿಮಾನದ ರೆಕ್ಕೆಯಂತೆ ಕೆಲಸ ಮಾಡತೊಡಗುತ್ತದೆ. ಗಾಳಿ ಅದನ್ನು ಪಕ್ಕಕ್ಕೆ ಎಳೆಯುತ್ತದೆ. ಹಲಗೆಯ ಅಡಿಯಲ್ಲಿ ಮೀನಿನ ಈಜುರೆಕ್ಕೆಯಂಥ ಪಟ್ಟಿಯೊಂದು ನೀರಿನಲ್ಲಿ ನಾಟಿಕೊಂಡು, ಪಕ್ಕಕ್ಕೆ ಬಿಡೆನೆಂದು ಹಟ ಹಿಡಿಯುತ್ತದೆ. ಎರಡರ ಜಗಳದಲ್ಲಿ ಹಲಗೆ ಮುಂದಕ್ಕೆ ಚಿಮ್ಮುತ್ತದೆ. ಒಂದಷ್ಟು ದೂರ ಎಡಕ್ಕೆ, ಮತ್ತೆ ತಿರುಗಿ ಒಂದಷ್ಟು ದೂರ ಬಲಕ್ಕೆ, ಆಗುಂಬೆಯ ಘಾಟಿ ಹತ್ತುವ ಬಸ್ಸಿನಂತೆ ಸುತ್ತಿ ಸುತ್ತಿ, ಆಟಗಾರನು ಗಾಳಿಯ ತವರಿಗೇ ಹೋಗಿ ಸೇರುತ್ತಾನೆ. ಹರಿಹರೇಶ್ವರನ ಗುಡಿಯಲ್ಲಿ ಒಂದೇ ಮೂರ್ತಿಯ ಅರ್ಧ ಹರಿ, ಅರ್ಧ ಹರ. ಹೊಯ್ಸಳರ ದಂಡನಾಯಕ ಪೋಲಾಳ್ವ ಹದಿಮೂರನೆಯ ಶತಮಾನದಲ್ಲಿ ಕಟ್ಟಿಸಿದ ಆ ಗುಡಿಯ ಮುಂದೆ ಬೆಳೆದವನಿಗೆ, ಒಪ್ಪದ ಎರಡು ಶಕ್ತಿಗಳು ಒಂದೇ ದೇಹದಲ್ಲಿ ಕೂಡಿ ಕೆಲಸಮಾಡುವುದು ಹೊಸ ತತ್ತ್ವವೇನಲ್ಲ. ನೀರೂ ಗಾಳಿಯೂ ಕೂಡುವ ಜಾಗದಲ್ಲಿ ಇಲ್ಲಿ ಮನುಷ್ಯನೊಬ್ಬ ನಿಂತಿರುತ್ತಾನೆ, ಅಷ್ಟೇ ಭೇದ.

ಪಂದ್ಯದ ಲೆಕ್ಕವೂ ವಿಚಿತ್ರವಾದುದು. ಒಂದೇ ಓಟದಲ್ಲಿ ಹಣೆಬರಹ ತೀರುವುದಿಲ್ಲ. ಹಲವು ದಿನಗಳಲ್ಲಿ ಹಲವು ಸ್ಪರ್ಧೆಗಳು. ಮೊದಲು ಬಂದವನಿಗೆ ಒಂದು ಅಂಕ, ಎರಡನೆಯವನಿಗೆ ಎರಡು, ಹೀಗೆ. ಆದುದರಿಂದ ಇಲ್ಲಿ ಅಂಕವೆಂದರೆ ಸಾಲವಿದ್ದ ಹಾಗೆ. ಕಡಮೆ ಇದ್ದವನೇ ಸಿರಿವಂತ. ಹಾಂಗ್‌ಝೌ ಕೂಟದಲ್ಲಿ 14 ಸ್ಪರ್ಧೆಗಳು ನಡೆದವು. ಪ್ರತಿಯೊಬ್ಬನ ಅತಿ ಕೆಟ್ಟ ಒಂದು ಫಲಿತಾಂಶವನ್ನು ಕಳೆದು ಉಳಿದ 13ನ್ನು ಕೂಡಿದರು. ಚಿನ್ನ ಗೆದ್ದ ದಕ್ಷಿಣ ಕೊರಿಯದ ಚೊ ವೊನ್-ವೂ ಪಡೆದ ಅಂಕ 13. ಎಂದರೆ ಲೆಕ್ಕಕ್ಕೆ ಬಂದ ಎಲ್ಲದರಲ್ಲಿಯೂ ಅವನೇ ಮೊದಲಿಗ. ಬೆಳ್ಳಿ ಥಾಯ್ಲೆಂಡಿಗೆ ಹೋಯಿತು. ನಮ್ಮ ಎಬಾದ್ ಅಲಿಯ ಅಂಕ 52. ಸ್ಪರ್ಧೆಯೊಂದಕ್ಕೆ ಸರಾಸರಿ ನಾಲ್ಕು. ಮಿಂಚಿ ಮಾಯವಾಗುವವನಿಗೆ ಇಲ್ಲಿ ಪದಕವಿಲ್ಲ. ದಿನದಿನವೂ ಗಾಳಿಯೊಡನೆ ಹೆಣಗಿ, ದಿನದಿನವೂ ದಡ ಸೇರುವವನಿಗೆ ಉಂಟು. ಒಂದು ಕೆಟ್ಟ ದಿನವನ್ನು ಮನ್ನಿಸಿ ಮರೆಯುವ ಈ ನಿಯಮವನ್ನು ಕಂಡು, ಉತ್ತರಪತ್ರಿಕೆಗಳನ್ನು ತಿದ್ದುವ ನನ್ನಂಥವನ ಮನಸ್ಸು ಸ್ವಲ್ಪ ಕರಗಿತು. ನಮ್ಮ ಪರೀಕ್ಷೆಗಳಲ್ಲಿ ಅಂಥ ಕರುಣೆಗೆ ಎಡೆಯಿಲ್ಲ.

ಒಲಿಂಪಿಕ್ ಕೂಟಕ್ಕೆ ಈ ಆಟ ಬಂದದ್ದು 1984ರಲ್ಲಿ, ಲಾಸ್ ಏಂಜಲೀಸಿನಲ್ಲಿ. ಮೊದಲ ಚಿನ್ನ ಹಾಲೆಂಡಿನ ಸ್ಟೀಫನ್ ವಾನ್ ಡೆನ್ ಬರ್ಗ್‌ನದು. ಅಲ್ಲಿಂದ ಮುಂದೆ ಈ ಹಾಯಿ ದೇಶದ ಗಾತ್ರವನ್ನು ನೋಡಲಿಲ್ಲ. 1996ರಲ್ಲಿ ಮಹಿಳೆಯರ ವಿಭಾಗದಲ್ಲಿ ಲೀ ಲಾಯ್ ಶಾನ್ ಹಾಂಗ್‌ಕಾಂಗಿಗೆ ಮೊತ್ತಮೊದಲ ಒಲಿಂಪಿಕ್ ಚಿನ್ನ ತಂದಳು. 2004ರಲ್ಲಿ ಗಾಲ್ ಫ್ರಿಡ್‌ಮನ್ ಇಸ್ರೇಲಿಗೆ ಅದರ ಮೊದಲ ಚಿನ್ನ ತಂದ. 1996ರ ಪುರುಷರ ವಿಜೇತ ನಿಕೋಸ್ ಕಕ್ಲಮನಾಕಿಸ್‌ನ ಕೈಗೆ ಗ್ರೀಕರು 2004ರ ಅಥೆನ್ಸ್ ಕೂಟದ ಜ್ಯೋತಿ ಬೆಳಗಿಸುವ ಗೌರವವನ್ನು ಕೊಟ್ಟರು. 2024ರ ಪ್ಯಾರಿಸ್ ಕೂಟದ ವೇಳೆಗೆ ಹಲಗೆಯೇ ಬದಲಾಗಿತ್ತು. ಅಡಿಯಲ್ಲಿ ನೀರೊಳಗಿನ ರೆಕ್ಕೆಯುಳ್ಳ ಹೊಸ ಹಲಗೆ ವೇಗ ಬಂದೊಡನೆ ನೀರನ್ನು ಬಿಟ್ಟು ಮೇಲೇಳುತ್ತದೆ. ಮಾರ್ಸೇಯ ಕಡಲಿನಲ್ಲಿ ಆ ಆಟಗಾರರು ನೀರನ್ನು ಮುಟ್ಟದೆ ನೀರಿನ ಮೇಲೆ ಹಾರಿದರು.

ಇದೆಲ್ಲ ಕಡಲಿನ ದೇಶಗಳವರ ಭಾಗ್ಯ, ಕಡಲಿನಿಂದ ಇಷ್ಟು ದೂರವಿರುವ ನಮಗೇಕೆ ಎಂದು ಓದುಗರು ಕೇಳಬಹುದು. ನಾನೂ ಹಾಗೆಯೇ ಕೇಳುತ್ತಿದ್ದೆ, ಅದೇ ಕೂಟದಲ್ಲಿ ಹುಡುಗಿಯರ ಹಾಯಿದೋಣಿಯ ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದ ನೇಹಾ ಠಾಕೂರ್ ಎಂಬಾಕೆಯ ವಿವರ ತಿಳಿಯದೆ ಹೋಗಿದ್ದರೆ. ಆಕೆ ಮಧ್ಯಪ್ರದೇಶದ ದೇವಾಸ್ ಜಿಲ್ಲೆಯ ರೈತನ ಮಗಳು. ಆ ರಾಜ್ಯಕ್ಕೆ ಯಾವ ದಿಕ್ಕಿನಲ್ಲಿಯೂ ಕಡಲಿಲ್ಲ. ಆಕೆ ಕಲಿತದ್ದು ಭೋಪಾಲದ ಹಾಯಿಶಾಲೆಯಲ್ಲಿ. ಅಲ್ಲಿಯ ದೊಡ್ಡ ಕೆರೆಯನ್ನು ಹನ್ನೊಂದನೆಯ ಶತಮಾನದಲ್ಲಿ ಭೋಜರಾಜ ಕಟ್ಟಿಸಿದನೆಂದು ಪ್ರತೀತಿ. ಕಾಳಿದಾಸನ ಕಟ್ಟುಕಥೆಗಳ ಮೂಲಕ ನಮ್ಮ ಮನೆಯ ಮಕ್ಕಳಿಗೆಲ್ಲ ಪರಿಚಿತನಾದ ಅದೇ ಭೋಜ!

ಭೋಜನ ಕೆರೆಯಂಥ ಕೆರೆ ನಮಗಿಲ್ಲವೆ? ನಮ್ಮದೇ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನಲ್ಲಿ ಸೂಳೆಕೆರೆಯಿದೆ. ಶಾಂತಿಸಾಗರವೆಂಬುದು ಅದರ ಇನ್ನೊಂದು ಹೆಸರು. ಶಾಂತವ್ವ ಎಂಬ ರಾಜಕುಮಾರಿ ಕಟ್ಟಿಸಿದಳೆಂದು ಜನ ಹೇಳುವ ಆ ಕೆರೆ, ಎರಡು ಗುಡ್ಡಗಳ ನಡುವೆ ಏರಿ ಹಾಕಿ ನಿಲ್ಲಿಸಿದ ಒಂದು ಸಣ್ಣ ಸಮುದ್ರವೇ ಸರಿ. ಏರಿಯ ಮೇಲೆ ನಿಂತರೆ ಗಾಳಿಗೆ ಸೆರಗು ನಿಲ್ಲುವುದಿಲ್ಲ, ಅಲೆಗೆ ದಡ ಸುಮ್ಮನಿರುವುದಿಲ್ಲ. ಅಲ್ಲಿಂದ ಹೊರಟ ಹರಿದ್ರಾ ಎಂಬ ಹಳ್ಳ ಹರಿದು ಬಂದು ಹರಿಹರದಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ನೀರಿದೆ, ಗಾಳಿಯಿದೆ, ಶತಮಾನಗಳ ಹಿಂದಿನವರು ಏರಿಯನ್ನೂ ಕಟ್ಟಿಕೊಟ್ಟಿದ್ದಾರೆ. ಕರ್ನಾಟಕದಲ್ಲಿ ಈ ವಿದ್ಯೆ ಇಲ್ಲವೆಂದೂ ಅಲ್ಲ. ಬೆಂಗಳೂರಿನ ಹಲಸೂರು ಕೆರೆಯಲ್ಲಿ, ಮದ್ರಾಸ್ ಸ್ಯಾಪರ್ಸ್ ಎಂದು ಹೆಸರಾದ ಸೇನೆಯ ಇಂಜಿನಿಯರ್ ಪಡೆಯವರು ಹಾಯಿಯ ಅಭ್ಯಾಸ ಮಾಡುತ್ತ ಬಂದಿದ್ದಾರೆ. ಸೇನೆಯ ಇಂಜಿನಿಯರುಗಳು 'ತೃಷ್ಣಾ' ಎಂಬ ಹಾಯಿನೌಕೆಯಲ್ಲಿ 1985ರಿಂದ 1987ರವರೆಗೆ ಭೂಮಂಡಲವನ್ನೇ ಸುತ್ತಿ ಬಂದದ್ದೂ ಉಂಟು. ಕೊರತೆ ನೀರಿನದಲ್ಲ. ನೀರನ್ನು ಕಂಡರೆ ನಮಗಿರುವ ಭಯವೇ ನಮ್ಮ ನಿಜವಾದ ಬರ.

ಆ ಭಯವನ್ನು ಹೀಗಳೆಯಲು ನನಗೆ ನಾಲಗೆ ಏಳುವುದಿಲ್ಲ. ನಮ್ಮ ಅವ್ವನಿಗೊಬ್ಬ ತಮ್ಮನಿದ್ದ. ಹದಿನಾಲ್ಕು ವರ್ಷದ ಹುಡುಗ, ಹರಿಹರದಲ್ಲಿ ಹೊಳೆ ತುಂಬಿ ಬಂದ ಒಂದು ದಿನ, ತೇಲಿಬರುತ್ತಿದ್ದ ಕಟ್ಟಿಗೆಯನ್ನು ಹಿಡಿಯಲು ಗೆಳೆಯರ ಜೊತೆ ಇಳಿದ. ಈಜು ಅರೆಬರೆ ಬರುತ್ತಿತ್ತು. ಗೆಳೆಯರು ಬಂದರು, ಅವನು ಬರಲಿಲ್ಲ. ಅಂದಿನಿಂದ ನಮ್ಮ ಮನೆತನದಲ್ಲಿ ಯಾವ ಮಗುವೂ ಮೊಣಕಾಲಿಗಿಂತ ಮೇಲೆ ನೀರು ಕಂಡಿಲ್ಲ. ಹೊಳೆಯ ದಂಡೆಯಲ್ಲಿ ಹುಟ್ಟಿ ಬೆಳೆದ ನಾನು ಹೊಳೆಯನ್ನು ಬಲ್ಲದ್ದು ಮೆಟ್ಟಿಲಿನ ಮೇಲಿನಿಂದ. ಹರಿಗೋಲಿನವರು ಕರೆದರೂ ಹತ್ತಿದವನಲ್ಲ. ಕಾವ್ಯಗಳಲ್ಲಿ ಬರುವ ಜಲಕ್ರೀಡೆಯನ್ನು ವಿದ್ಯಾರ್ಥಿಗಳಿಗೆ ಸೊಗಸಾಗಿ ವರ್ಣಿಸಬಲ್ಲೆ; ಈಜು ಬಾರದು.

ಆ ರಾತ್ರಿ ಚಿತ್ರಗಳನ್ನು ನೋಡುತ್ತಿದ್ದಾಗ, ಒಬ್ಬ ಆಟಗಾರ ತಿರುವಿನಲ್ಲಿ ಆಯತಪ್ಪಿ ಹಾಯಿಯ ಸಮೇತ ನೀರಿಗೆ ಬಿದ್ದ. ಅವ್ವನ ಕೈ ಥಟ್ಟನೆ ಎದೆಯ ಮೇಲೆ ಹೋಯಿತು. ಆತ ತಲೆಯೆತ್ತಿದ, ಹಲಗೆಯನ್ನು ಹತ್ತಿದ, ಹಗ್ಗ ಹಿಡಿದು ಹಾಯಿಯನ್ನು ಎಳೆದು ನಿಲ್ಲಿಸಿದ, ಹೊರಟೇಹೋದ. "ಮತ್ತೊಮ್ಮೆ ತೋರಿಸು," ಎಂದಳು ಅವ್ವ. ಮೊಮ್ಮಗ ತೋರಿಸಿದ. ಅದೇ ಬೀಳುವಿಕೆ, ಅದೇ ಏಳುವಿಕೆ. ಮೂರು ಸಲ ನೋಡಿದಳು. ನಾನು ತಿಳಿದದ್ದನ್ನು ಹೇಳಿದೆ: ಈ ವಿದ್ಯೆಯಲ್ಲಿ ಮೊದಲು ಕಲಿಯುವುದೇ ಬೀಳುವುದನ್ನು, ಹಲಗೆ ಮುಳುಗುವುದಿಲ್ಲ, ಕಲಿಯುವವರಿಗೆ ತೇಲುವ ಅಂಗಿ ತೊಡಿಸುತ್ತಾರೆ, ಪಂದ್ಯದ ಸುತ್ತ ಕಾವಲು ದೋಣಿಗಳು ಇರುತ್ತವೆ.

"ಇವರೆಲ್ಲ ಮೊದ್ಲು ಈಜು ಕಲ್ತಿರ್ತಾರೇನು?"

"ಹೌದವ್ವಾ. ಈಜು ಬಾರದವರನ್ನು ಹಲಗೆ ಹತ್ತಿಸೋದೇ ಇಲ್ಲ."

ಅವಳು ಬಹಳ ಹೊತ್ತು ಮಾತನಾಡಲಿಲ್ಲ. ಹುಡುಗ ನಿದ್ದೆಹೋದ ಮೇಲೆ, ಎಲೆಯಡಿಕೆಯ ತಟ್ಟೆಯನ್ನು ಸರಿಸುತ್ತ, ನನ್ನ ಕಡೆ ನೋಡದೆ ಹೇಳಿದಳು: "ಅವನಿಗೆ ಪೂರಾ ಬಂದಿದ್ರೆ ಬರ್ತಿದ್ದ ನೋಡು. ಅರ್ಧ ಬಂದಿತ್ತು, ಅದಕ್ಕೇ ಹೋದ. ಈ ಹುಡುಗನಿಗೆ ಪೂರಾ ಕಲಿಸು. ಹೊಳೆಯಾಗ ಬ್ಯಾಡ, ಕೊಳದಾಗ ಕಲಿಸು."

ಅರ್ಧ ಶತಮಾನ ನಮ್ಮ ಮನೆಯನ್ನು ಆಳಿದ ಕಟ್ಟಳೆ ಹೀಗೆ ಮುಗಿಯಿತು. ಎದುರುಗಾಳಿಗೆ ನೆಟ್ಟಗೆ ನುಗ್ಗಿದ್ದರೆ, ಎಂದರೆ ಧೈರ್ಯದ ಮೇಲೆ ನಾನೊಂದು ಉಪನ್ಯಾಸ ಮಾಡಿದ್ದರೆ, ಅದು ಮುಗಿಯುತ್ತಿರಲಿಲ್ಲ. ದುಃಖವನ್ನು ಅವಳು ಎಲ್ಲಿಗೂ ದೂಡಲಿಲ್ಲ. ಅದನ್ನೇ ಒಂದಿಷ್ಟು ಓರೆಮಾಡಿ ಹಿಡಿದಳು, ಅದರ ಬಲದಿಂದಲೇ ಮುಂದಕ್ಕೆ ಸಾಗಿದಳು.

ಮುಂದಿನ ಬೇಸಗೆಯಲ್ಲಿ ಹುಡುಗನನ್ನು ಊರಿನ ಈಜುಕೊಳಕ್ಕೆ ಸೇರಿಸಿದೆ. ಹರಿಹರದಿಂದ ಅವ್ವ ತಾನಾಗಿಯೇ ಬಂದಳು. ದಿನವೂ ಬೆಳಗ್ಗೆ ಟವೆಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕುಳಿತು, ಅವನ ತಲೆ ನೀರೊಳಗೆ ಹೋದಾಗಲೆಲ್ಲ ಬೆರಳು ಮಡಚಿ ಎಣಿಸುವಳು. ತಲೆ ಮೇಲೆ ಬಂದಾಗ ಬೆರಳು ಬಿಡಿಸುವಳು. ಮೂರನೆಯ ವಾರದ ಕೊನೆಗೆ ಅವನು ಯಾರ ಆಸರೆಯೂ ಇಲ್ಲದೆ ಕೊಳದ ಈ ದಡದಿಂದ ಆ ದಡಕ್ಕೆ ಹಾಯ್ದ. ಏದುಸಿರು ಬಿಡುತ್ತ ಬಂದು ಅಜ್ಜಿಯ ಮುಂದೆ ನಿಂತು, ಟವೆಲ್ಲಿಗಾಗಿ ಕೈಚಾಚಿದ.

ಅವ್ವ ಟವೆಲ್ಲನ್ನು ಕೊಡಲಿಲ್ಲ. "ಇನ್ನೊಂದ್ಸಲ ಹೋಗಿ ಬಾ," ಎಂದಳು.